ಡಬ್ಬಿ ನಿಮ್ಮದು, ತಂತಿ ಅವರದು

ನನ್ನ ಅಕ್ಕ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿ ನಿವೃತ್ತಳಾದವಳು. ಯಾವ ಕಾಗದ ಕೈಗೆ ಬಂದರೂ ಪೆನ್ಸಿಲ್ ಹಿಡಿದೇ ಓದುತ್ತಾಳೆ. ಸೊಸೆಯ ಬಾಣಂತನಕ್ಕೆಂದು ನ್ಯೂಜೆರ್ಸಿಯ ಎಡಿಸನ್ ಊರಿಗೆ ಹೋಗಿದ್ದಾಗ, ಅಡುಗೆಮನೆಯ ಮೇಜಿನ ಮೇಲೆ ಬಿದ್ದಿದ್ದ ಇಂಟರ್‌ನೆಟ್ ಬಿಲ್ಲು ಅವಳ ಕೈಗೆ ಸಿಕ್ಕಿತು. ಎರಡು ವಾರದ ಮಟ್ಟಿಗೆ ನಾನೂ ಅಲ್ಲೇ ಇದ್ದೆ.

"ಇದೇನೋ ಇದು, ತಿಂಗಳಿಗೆ ಹದಿನೈದು ಡಾಲರ್?"

"ಮೋಡೆಮ್ ಬಾಡಿಗೆ ಅಮ್ಮ. ಎಲ್ಲರೂ ಕೊಡೋದೇ," ಎಂದ ಮಗ, ಕೂಸನ್ನು ಹೆಗಲ ಮೇಲೆ ತಟ್ಟುತ್ತಾ.

"ಯಾವಾಗಿಂದ ಕೊಡ್ತಿದೀಯ?"

"ಮನೆ ತಗೊಂಡಾಗಿಂದ."

ಅಂದರೆ ಆರು ವರ್ಷ. ಮೊದಮೊದಲು ಹತ್ತು ಡಾಲರ್ ಇದ್ದದ್ದು ಮೆಲ್ಲಗೆ ಹದಿನೈದಕ್ಕೆ ಏರಿತ್ತು. ಅಕ್ಕ ಬಿಲ್ಲಿನ ಅಂಚಿನಲ್ಲೇ ಕೂಡಿ ಕಳೆದು, ಹತ್ತಿರ ಹತ್ತಿರ 900 ಡಾಲರ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಆಮೇಲೆ ಟೀವಿಯ ಹಿಂದೆ ಧೂಳು ತಿನ್ನುತ್ತಾ ಮಿಣುಕುತ್ತಿದ್ದ ಡಬ್ಬಿಯನ್ನು ಎತ್ತಿ, ತಿರುಗಿಸಿ, ತೂಕ ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತು" ಎಂದಳು. ನಂತರ ನನ್ನ ಕಡೆ ತಿರುಗಿ, "ನೀನು ವಿಜ್ಞಾನ ಬರೀತೀಯಲ್ಲ, ಇದರೊಳಗೆ ಅಂಥದ್ದೇನಿದೆ ಹೇಳು" ಎಂದು ಕೇಳಿದಳು. ಅಂದು ನಾನು ಹೇಳಿದ್ದು ಅರ್ಧಂಬರ್ಧ. ಪೂರ್ತಿ ಉತ್ತರ ಇಲ್ಲಿದೆ.

ಡಬ್ಬಿಗಿಂತ ಮೊದಲು ಅದರ ಬೆನ್ನಿಗೆ ತಿರುಪಿ ಕೂರಿಸಿರುವ ಕಪ್ಪು ತಂತಿಯನ್ನು ನೋಡಬೇಕು. ನಮ್ಮೂರಿನಲ್ಲಿ ತೊಂಬತ್ತರ ದಶಕದಲ್ಲಿ ಕೇಬಲ್‌ನವರು ತೆಂಗಿನ ಮರದಿಂದ ತಾರಸಿಗೆ, ತಾರಸಿಯಿಂದ ಕರೆಂಟ್ ಕಂಬಕ್ಕೆ ಎಳೆದುಕೊಂಡು ಹೋಗುತ್ತಿದ್ದರಲ್ಲ, ಅದೇ ಕೋ-ಆಕ್ಸಿಯಲ್ ಕೇಬಲ್. ಸೀಳಿ ನೋಡಿದರೆ ನಡುವೆ ಒಂದು ತಾಮ್ರದ ಎಳೆ, ಅದರ ಸುತ್ತ ಬೆಳ್ಳನೆಯ ನೊರೆ ಪ್ಲಾಸ್ಟಿಕ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಮತ್ತು ಹೆಣೆದ ತಂತಿಜಾಲ, ಹೊರಗೆ ಕಪ್ಪು ಸಿಪ್ಪೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇಂಥ ರಚನೆಗೆ 1880ರಲ್ಲೇ ಪೇಟೆಂಟ್ ಪಡೆದಿದ್ದ. ಇದರ ಜಾಣತನ ಇರುವುದು ನಡುವಿನ ಎಳೆಗೂ ಹೊರಗಿನ ಜಾಲಕ್ಕೂ ಮಧ್ಯದ ಜಾಗದಲ್ಲಿ. ರೇಡಿಯೋ ಅಲೆಗಳು ಆ ಸಂದಿಯೊಳಗೇ ಹರಿಯುತ್ತವೆ. ಒಳಗಿನದು ಹೊರಗೆ ಅಷ್ಟಾಗಿ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ಅಷ್ಟಾಗಿ ನುಗ್ಗುವುದಿಲ್ಲ. ಆಕಾಶದಲ್ಲಿ ಹರಡಿಹೋಗುವ ರೇಡಿಯೋ ಅಲೆಯನ್ನು ಕಾಲುವೆಯಲ್ಲಿ ಹರಿಸಿದ ಹಾಗೆ.

ಅಮೆರಿಕದ ಕೇಬಲ್ ಜಾಲಗಳಲ್ಲಿ ಈ ಕಾಲುವೆಯ ಅಗಲ ಸುಮಾರು 54 ಮೆಗಾಹರ್ಟ್ಸ್‌ನಿಂದ 1002 ಮೆಗಾಹರ್ಟ್ಸ್‌ವರೆಗೆ. ಅದನ್ನು 6 ಮೆಗಾಹರ್ಟ್ಸ್‌ನ ಹೋಳುಗಳಾಗಿ ಕತ್ತರಿಸಿದ್ದಾರೆ. ಹಳೆಯ ಕಾಲದ ಒಂದು ಟೀವಿ ಚಾನೆಲ್ ಕೂರಲು ಬೇಕಾಗುತ್ತಿದ್ದ ಜಾಗ ಅಷ್ಟು, ಅದಕ್ಕೇ ಆ ಅಳತೆ. ಲೆಕ್ಕ ಹಾಕಿದರೆ 158 ಹೋಳು. ಕೆಲವು ಹೋಳುಗಳಲ್ಲಿ ಟೀವಿ, ಕೆಲವಲ್ಲಿ ಇಂಟರ್‌ನೆಟ್. ತಂತಿಗೆ ಎರಡೂ ಒಂದೇ, ಬರೀ ಅಲೆ.

ಕಂಪ್ಯೂಟರಿಗಾದರೋ ಅಲೆಯ ಭಾಷೆ ಬರುವುದಿಲ್ಲ, ಅದಕ್ಕೆ ಬೇಕಾದದ್ದು ಸೊನ್ನೆ ಮತ್ತು ಒಂದು. ಸೊನ್ನೆ-ಒಂದುಗಳನ್ನು ಅಲೆಯ ಮೇಲೆ ಏರಿಸುವುದು ಮಾಡ್ಯುಲೇಶನ್, ಇಳಿಸುವುದು ಡಿಮಾಡ್ಯುಲೇಶನ್. ಎರಡನ್ನೂ ಸೇರಿಸಿ ಕತ್ತರಿಸಿ ಮಾಡಿದ ಹೆಸರೇ ಮೋಡೆಮ್. ಹತ್ತುವವರನ್ನು ಹತ್ತಿಸಿ ಇಳಿಯುವವರನ್ನು ಇಳಿಸುವ ಕಂಡಕ್ಟರ್ ಕೆಲಸ. ಆದರೆ ಅದನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ, ಒಬ್ಬನೂ ತಪ್ಪದಂತೆ ಮಾಡುವ ಬಗೆ ಮಾತ್ರ ಸೊಗಸಾಗಿದೆ. ಅದನ್ನು ಅಕ್ಕನಿಗೆ ವಿವರಿಸಲು ನನಗೆ ಸಿಕ್ಕ ದಾರಿ ರಂಗೋಲಿ.

ಹದಿನಾರು ಸಾಲು, ಸಾಲಿಗೆ ಹದಿನಾರು ಚುಕ್ಕಿ ಇಟ್ಟಿದ್ದೀರಿ ಎನ್ನಿ. ಒಟ್ಟು 256 ಚುಕ್ಕಿ. ನೀವು ಅಂಗಳದಲ್ಲಿ ನಿಂತು ಒಂದು ಚುಕ್ಕಿಯ ಮೇಲೆ ಬೆರಳಿಡುತ್ತೀರಿ, ಜಗುಲಿಯಲ್ಲಿ ಕೂತವರು ಅದು ಎಷ್ಟನೆಯ ಚುಕ್ಕಿ ಎಂದು ಬರೆದುಕೊಳ್ಳುತ್ತಾರೆ. 256ರಲ್ಲಿ ಒಂದನ್ನು ಗುರುತಿಸಿದರೆ ಎಂಟು ಬಿಟ್ ಮಾಹಿತಿ ರವಾನೆಯಾಯಿತು, ಏಕೆಂದರೆ ಎರಡನ್ನು ಎಂಟು ಸಲ ಗುಣಿಸಿದರೆ ಬರುವುದು 256. ಕೇಬಲ್‌ನೊಳಗೆ ನಡೆಯುವುದೂ ಇದೇ. ಅಲೆಯ ಎತ್ತರ ಮತ್ತು ಅದರ ಏರಿಳಿತದ ಹಂತ, ಈ ಎರಡನ್ನೂ ಒಟ್ಟಿಗೆ ಬದಲಿಸುತ್ತಾ ಹೋದರೆ ಚುಕ್ಕಿಯ ಸ್ಥಾನ ನಿರ್ಧಾರವಾಗುತ್ತದೆ. ಎಂಜಿನಿಯರುಗಳು ಇದನ್ನು 256-ಕ್ವಾಮ್ ಎನ್ನುತ್ತಾರೆ. ಮಾಪನ ಯಂತ್ರದ ಪರದೆಯ ಮೇಲೆ ಈ ಸಂಕೇತವನ್ನು ನೋಡಿದರೆ ನಿಜಕ್ಕೂ ಚುಕ್ಕಿ ರಂಗೋಲಿಯೇ ಕಾಣುತ್ತದೆ, ನಾನು ಬರೀ ಹೋಲಿಕೆಗೆಂದು ತಂದದ್ದಲ್ಲ.

ಒಂದು ಹೋಳಿನಲ್ಲಿ ಸೆಕೆಂಡಿಗೆ ಸುಮಾರು 53 ಲಕ್ಷ 60 ಸಾವಿರ ಸಲ ಬೆರಳು ಚುಕ್ಕಿ ಬದಲಿಸುತ್ತದೆ. ಒಂದೊಂದಕ್ಕೆ ಎಂಟು ಬಿಟ್ಟಿನಂತೆ ಸುಮಾರು 4 ಕೋಟಿ 29 ಲಕ್ಷ ಬಿಟ್. ತಪ್ಪು ತಿದ್ದುವುದಕ್ಕೆಂದೇ ಸೇರಿಸುವ ಹೆಚ್ಚುವರಿ ಬಿಟ್‌ಗಳನ್ನು ಕಳೆದರೆ ಕೈಗೆ ದಕ್ಕುವುದು 38 ಮೆಗಾಬಿಟ್. ಒಂದು ಹೋಳು ಸಾಲದಾದಾಗ ಹಲವು ಹೋಳುಗಳನ್ನು ಒಟ್ಟಿಗೆ ಕಟ್ಟುತ್ತಾರೆ. ಮೋಡೆಮ್ ಡಬ್ಬಿಯ ಮೇಲೆ 8×4, 16×4, 32×8 ಎಂದು ಬರೆದಿರುವುದರ ಅರ್ಥ ಇಷ್ಟೇ: ಮನೆಗೆ ಬರುವ ದಾರಿಯಲ್ಲಿ ಇಷ್ಟು ಹೋಳು, ಮನೆಯಿಂದ ಹೋಗುವ ದಾರಿಯಲ್ಲಿ ಇಷ್ಟು. 32ನ್ನು 38ರಿಂದ ಗುಣಿಸಿ ನೋಡಿ, ಗಿಗಾಬಿಟ್ ದಾಟುತ್ತದೆ.

ರಂಗೋಲಿಯ ಮೇಲೆ ಗಾಳಿ ಬೀಸಿದರೆ? ಪುಡಿ ಚದುರುತ್ತದೆ, ಪಕ್ಕದ ಚುಕ್ಕಿ ಯಾವುದು ಈ ಚುಕ್ಕಿ ಯಾವುದು ಗೊತ್ತಾಗುವುದಿಲ್ಲ. ವಿದ್ಯುತ್ ಗದ್ದಲ ಮಾಡುವುದು ಅದನ್ನೇ. ಗಾಳಿ ಜೋರಾದರೆ ಚುಕ್ಕಿಗಳನ್ನು ದೂರ ದೂರ ಇಡಬೇಕು, ಅಂದರೆ ಕಡಿಮೆ ಚುಕ್ಕಿ: ಎಂಟಕ್ಕೆ ಎಂಟು, 64. ಗಾಳಿಯೇ ಇಲ್ಲದ ಶುಭ್ರವಾದ ತಂತಿಯಾದರೆ 64ಕ್ಕೆ 64, ಒಟ್ಟು 4096 ಚುಕ್ಕಿ ಇಡಬಹುದು, ಒಂದೊಂದು ಬೆರಳಿಗೂ ಹನ್ನೆರಡು ಬಿಟ್. 2013ರಲ್ಲಿ ಬಂದ ಡಾಕ್ಸಿಸ್ 3.1 ಎಂಬ ಮಾನಕ ಇದನ್ನು ಸಾಧ್ಯವಾಗಿಸಿತು. ಅದು 6 ಮೆಗಾಹರ್ಟ್ಸ್ ಹೋಳಿನ ಹಂಗನ್ನೇ ಬಿಟ್ಟು 192 ಮೆಗಾಹರ್ಟ್ಸ್‌ವರೆಗಿನ ದೊಡ್ಡ ಅಂಗಳದಲ್ಲಿ ಸಾವಿರಾರು ಸಣ್ಣ ರಂಗೋಲಿಗಳನ್ನು ಬಿಡಿಸುತ್ತದೆ. ಎಲ್ಲಿ ಗಾಳಿ ಇದೆಯೋ ಅಲ್ಲಿ ಕಡಿಮೆ ಚುಕ್ಕಿ, ಎಲ್ಲಿ ಇಲ್ಲವೋ ಅಲ್ಲಿ ಹೆಚ್ಚು. ನನ್ನ ಮಟ್ಟಿಗೆ ಇಡೀ ಡಬ್ಬಿಯಲ್ಲಿ ಅತಿ ಚೆಂದದ ಉಪಾಯ ಇದು.

ಇನ್ನು ಹಿಂದಿರುಗುವ ದಾರಿ. ಕೇಬಲ್ ಇಂಟರ್‌ನೆಟ್ ಇಟ್ಟುಕೊಂಡವರಿಗೆಲ್ಲ ಗೊತ್ತು, ಸಿನಿಮಾ ಇಳಿಸಿಕೊಳ್ಳುವುದು ಕ್ಷಣದ ಕೆಲಸ, ಮದುವೆಯ ವಿಡಿಯೋ ಊರಿಗೆ ಕಳಿಸಲು ಮಾತ್ರ ಜಪ ಮಾಡುತ್ತಾ ಕೂರಬೇಕು. ಇದರ ಬೇರು 1948ರಲ್ಲಿದೆ. ಆರಿಗನ್ ರಾಜ್ಯದ ಅಸ್ಟೋರಿಯಾ ಎಂಬ ಊರಿನಲ್ಲಿ ಎಡ್ ಪಾರ್ಸನ್ಸ್ ಎಂಬಾತ ಒಂದು ರೇಡಿಯೋ ಕೇಂದ್ರ ನಡೆಸುತ್ತಿದ್ದ. ಆ ವರ್ಷದ ಕೊನೆಗೆ ಸಿಯಾಟಲ್‌ನಲ್ಲಿ ಟೀವಿ ಪ್ರಸಾರ ಶುರುವಾಯಿತು. ಸಿಯಾಟಲ್ ಇರುವುದು ಸುಮಾರು 200 ಕಿಲೋಮೀಟರ್ ದೂರದಲ್ಲಿ, ನಡುವೆ ಗುಡ್ಡಗಳು. ಅವನ ಹೆಂಡತಿಗೆ ಟೀವಿ ಬೇಕು. ಪಾರ್ಸನ್ಸ್ ಊರಿನ ಎತ್ತರದ ಹೋಟೆಲಿನ ತಾರಸಿ ಮೇಲೆ ಆಂಟೆನಾ ನೆಟ್ಟು, ಅಲ್ಲಿಂದ ರಸ್ತೆಯಾಚೆಯ ತನ್ನ ಮನೆಗೆ ತಂತಿ ಎಳೆದ. ಚಿತ್ರ ಬಂತು. ಜೊತೆಗೆ ಊರೂ ಬಂತು. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಜನ ನೆರೆದಾಗ, ಇವರನ್ನು ಹೊರಗೆ ಕಳಿಸುವ ದಾರಿ ಎಂದರೆ ತಂತಿಯನ್ನೇ ಅವರ ಬಳಿಗೆ ಕಳಿಸುವುದು ಎಂದು ಅವನಿಗೆ ಹೊಳೆಯಿತು. ಹೋಟೆಲಿನ ಹಜಾರಕ್ಕೆ, ಅಂಗಡಿಗಳಿಗೆ, ಮನೆಗಳಿಗೆ ತಂತಿ ಹೋಯಿತು. ಅದೇ ಕಾಲಕ್ಕೆ ಪೆನ್ಸಿಲ್ವೇನಿಯಾದ ಗುಡ್ಡಗಾಡಿನ ಊರುಗಳಲ್ಲೂ ಟೀವಿ ಮಾರುವ ಅಂಗಡಿಯವರು, ಚಿತ್ರ ಬಾರದೆ ಪೆಟ್ಟಿಗೆ ಖರ್ಚಾಗುವುದಿಲ್ಲ ಎಂದು, ಹೀಗೇ ತಂತಿ ಎಳೆಯತೊಡಗಿದ್ದರು.

ಈ ಜಾಲ ಹುಟ್ಟಿದ್ದೇ ಒಮ್ಮುಖ ದಾರಿಯಾಗಿ. ಬೆಟ್ಟದ ಮೇಲಿಂದ ನೀರು ಇಳಿದ ಹಾಗೆ ಚಿತ್ರ ಇಳಿಯಬೇಕು, ಮನೆಯವರು ಮೇಲಕ್ಕೆ ಏನನ್ನೂ ಕಳಿಸುವ ಅಗತ್ಯವಿರಲಿಲ್ಲ. ಮುಂದೆ ಇಂಟರ್‌ನೆಟ್ ಬಂದಾಗ ಹಿಂದಿರುಗುವ ಮಾತಿಗೆ ಸಿಕ್ಕಿದ್ದು ಟೀವಿ ಚಾನೆಲ್‌ಗಳ ಕೆಳಗೆ ಉಳಿದಿದ್ದ 5ರಿಂದ 42 ಮೆಗಾಹರ್ಟ್ಸ್‌ನ ಕಿರುದಾರಿ. ಅದೂ ಗದ್ದಲದ ಜಾಗ, ಹಳೆಯ ಮೋಟಾರಿನ ಕಿಡಿ, ಹವ್ಯಾಸಿ ರೇಡಿಯೋದವರ ಮಾತು ಎಲ್ಲ ಸೇರಿಕೊಳ್ಳುವ ಪಟ್ಟಿ. ಸಾಲದ್ದಕ್ಕೆ ಬೀದಿಯ ನೂರಾರು ಮನೆಗಳು ಒಂದೇ ತಂತಿಯನ್ನು ಹಂಚಿಕೊಂಡಿವೆ. ಬೀದಿ ತುದಿಯ ಪೆಟ್ಟಿಗೆಯಿಂದ ಆಚೆಗೆ ಫೈಬರ್, ಈಚೆಗೆ ಎಲ್ಲರದೂ ಒಂದೇ ತಾಮ್ರ. ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರೆ ಯಾರ ಮಾತೂ ಕೇಳಿಸದು.

ಹಾಗಾಗಿ ಮೇಲೆ ಕಂಪನಿಯ ಕೇಂದ್ರದಲ್ಲಿ ಒಬ್ಬ ಯಜಮಾನ ಕೂತಿದ್ದಾನೆ. ಅವನ ಹೆಸರು ಸಿಎಮ್‌ಟಿಎಸ್. ಮಾತಾಡಬೇಕಾದ ಮೋಡೆಮ್ ಮೊದಲು ಕೈ ಎತ್ತಬೇಕು. ಅವನು, ಇಂಥ ಗಳಿಗೆಯಿಂದ ಇಂಥ ಗಳಿಗೆವರೆಗೆ ನಿನ್ನದು ಎಂದು ಸರದಿ ಕೊಡುತ್ತಾನೆ. ಆ ಗಳಿಗೆಗಳು ಮೈಕ್ರೋಸೆಕೆಂಡಿನ ಲೆಕ್ಕದವು. ಇಲ್ಲೊಂದು ತೊಡಕು. ಹತ್ತಿರದ ಮೋಡೆಮ್‌ನ ಮಾತು ಬೇಗ ತಲುಪುತ್ತದೆ, ದೂರದ್ದು ತಡವಾಗಿ. ಫೈಬರಿನಲ್ಲಿ ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಇಪ್ಪತ್ತು ಕಿಲೋಮೀಟರ್ ಆಚೆಯ ಮೋಡೆಮ್ 100 ಮೈಕ್ರೋಸೆಕೆಂಡ್ ಮೊದಲೇ ಬಾಯಿ ತೆರೆಯದಿದ್ದರೆ ಅದರ ಮಾತು ಇನ್ನೊಬ್ಬರ ಸರದಿಯ ಮೇಲೆ ಬಿದ್ದು ಎರಡೂ ಹಾಳು. ದೊಡ್ಡ ಮೈದಾನದ ಭಜನೆಯಲ್ಲಿ ತೀರಾ ಹಿಂದೆ ನಿಂತವನು ಒಂಚೂರು ಮುಂಚೆ ಚಪ್ಪಾಳೆ ತಟ್ಟಿದರೆ ಮಾತ್ರ ವೇದಿಕೆಯ ಮೇಲಿನವರಿಗೆ ತಾಳ ಸರಿಯಾಗಿ ಕೇಳುತ್ತದೆ. ನೀವು ಮೋಡೆಮ್ ಆನ್ ಮಾಡಿದಾಗ ದೀಪ ಎರಡು ಮೂರು ನಿಮಿಷ ಮಿಣುಕುತ್ತದಲ್ಲ, ಆಗ ನಡೆಯುವ ಕೆಲಸಗಳಲ್ಲಿ ಇದೂ ಒಂದು: ನಾನು ಎಷ್ಟು ದೂರದಲ್ಲಿದ್ದೇನೆ, ಎಷ್ಟು ಮುಂಚೆ ತಟ್ಟಬೇಕು, ಎಷ್ಟು ಗಟ್ಟಿಯಾಗಿ ತಟ್ಟಬೇಕು ಎಂದು ಮೋಡೆಮ್ ಕೇಳಿ ತಿಳಿದುಕೊಳ್ಳುತ್ತಿರುತ್ತದೆ.

ಇಷ್ಟು ಹೇಳಿದಾಗ ಅಕ್ಕ ಒಂದು ಪ್ರಶ್ನೆ ಕೇಳಿದಳು. "ಹಾಗಾದ್ರೆ ಒಬ್ಬ ಅಂಗಡಿಯಿಂದ ಯಾವುದೋ ಕೆಟ್ಟ ಡಬ್ಬಿ ತಂದು ಹಾಕಿದ್ರೆ ಬೀದೀಲಿ ಎಲ್ಲರ ತಾಳವೂ ಕೆಡಲ್ವಾ?"

ಕೆಡುತ್ತದೆ. ಅವಳು ಕೇಳಿದ್ದು ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಐವತ್ತು ವರ್ಷ ಹಿಡಿದುಕೊಂಡಿದ್ದ ವಾದವನ್ನೇ. ಜಾಲ ನಮ್ಮದು, ಅದರ ತುದಿಯ ಫೋನೂ ನಮ್ಮದೇ ಆಗಿರಬೇಕು, ಹೊರಗಿನ ವಸ್ತು ಜೋಡಿಸಿದರೆ ಜಾಲಕ್ಕೆ ಹಾನಿ ಎಂದು ಅದು ಹೇಳುತ್ತಿತ್ತು. ಮನೆಯಲ್ಲಿದ್ದ ಫೋನು ಕಂಪನಿಯ ಸ್ವತ್ತು, ತಿಂಗಳ ಬಾಡಿಗೆ ಬಿಲ್ಲಿನಲ್ಲಿ. ಈ ವಾದವನ್ನು ಮೊದಲು ಅಲುಗಿಸಿದ್ದು ಒಂದು ತೀರಾ ಸಾಧಾರಣ ವಸ್ತು. ಹಷ್-ಎ-ಫೋನ್ ಎಂಬ ಬಟ್ಟಲಿನಂಥ ಮುಚ್ಚಳ. ಫೋನಿನ ಬಾಯಿಗೆ ಸಿಕ್ಕಿಸಿ ಅದರೊಳಗೆ ಮಾತಾಡಿದರೆ ಪಕ್ಕದವರಿಗೆ ಕೇಳಿಸದು. ತಂತಿಯಿಲ್ಲ, ವಿದ್ಯುತ್ತಿಲ್ಲ, ಕೈಯನ್ನು ಬಾಯಿಗೆ ಅಡ್ಡ ಹಿಡಿದಷ್ಟೇ ಕೆಲಸ. ಅದನ್ನೂ ಕಂಪನಿ ನಿಷೇಧಿಸಿತು, ಸರ್ಕಾರದ ಸಂಪರ್ಕ ಆಯೋಗ ಎಫ್‌ಸಿಸಿ ಕಂಪನಿಯ ಪರ ನಿಂತಿತು. 1956ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಗ್ರಾಹಕನಿಗೆ ಉಪಯೋಗವಾಗಿ, ಊರಿಗೆ ತೊಂದರೆಯಾಗದಿದ್ದರೆ ತಡೆಯಲು ನೀವು ಯಾರು ಎಂಬುದು ತೀರ್ಪಿನ ತಿರುಳು.

ಆ ಮುಚ್ಚಳದ ಪರ ನಿಂತ ಧ್ವನಿತಜ್ಞರಲ್ಲಿ ಇಬ್ಬರ ಹೆಸರು ಲಿಯೋ ಬೆರಾನೆಕ್ ಮತ್ತು ಜೆ.ಸಿ.ಆರ್. ಲಿಕ್ಲೈಡರ್. ಲಿಕ್ಲೈಡರ್ ಮುಂದೆ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಜಾಲದ ಕನಸು ಕಂಡು ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಅದರ ಬೀಜ ಬಿತ್ತಿದವರು. ಬೆರಾನೆಕ್ ಕಟ್ಟಿದ ಬಿಬಿಎನ್ ಕಂಪನಿ 1969ರಲ್ಲಿ ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನ ಮೊದಲ ಸಂದೇಶ ಪೆಟ್ಟಿಗೆಗಳನ್ನು ತಯಾರಿಸಿತು. ಫೋನಿನ ಬಾಯಿಮುಚ್ಚಳಕ್ಕಾಗಿ ವಾದಿಸಿದವರೇ ಇಂಟರ್‌ನೆಟ್‌ಗೆ ಅಡಿಗಲ್ಲು ಇಟ್ಟರು. ಕಥೆಗಾರ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಎರಡನೆಯ ಏಟು ಟೆಕ್ಸಸ್‌ನಿಂದ ಬಂತು. ಥಾಮಸ್ ಕಾರ್ಟರ್ ಎಂಬಾತ ಎಣ್ಣೆ ಬಾವಿಗಳಂಥ ದೂರದ ಜಾಗಗಳಲ್ಲಿ ದುಡಿಯುವವರಿಗೆ ರೇಡಿಯೋ ಮಾರುತ್ತಿದ್ದ. ಕಚೇರಿಯ ಫೋನಿನ ರಿಸೀವರನ್ನು ಒಂದು ತೊಟ್ಟಿಲಿನಲ್ಲಿ ಮಲಗಿಸಿದರೆ, ಫೋನಿನ ಮಾತು ರೇಡಿಯೋಗೂ ರೇಡಿಯೋದ್ದು ಫೋನಿಗೂ ದಾಟುವ ಕಾರ್ಟರ್‌ಫೋನ್ ಎಂಬ ಸಾಧನ ಮಾಡಿದ. 1959ರಿಂದ 1966ರವರೆಗೆ ಸುಮಾರು 3,500 ಮಾರಿದ. ಇದನ್ನು ಬಳಸಿದರೆ ಸೇವೆ ಕಡಿತ ಮಾಡುವುದಾಗಿ ಫೋನ್ ಕಂಪನಿ ಹೆದರಿಸಿತು. ಕಾರ್ಟರ್ ಕೋರ್ಟಿಗೆ ಹೋದ, ವಿಷಯ ಎಫ್‌ಸಿಸಿ ಮುಂದೆ ಬಂತು, 1968ರಲ್ಲಿ ಅವನು ಗೆದ್ದ. ಜಾಲಕ್ಕೆ ಹಾನಿ ಮಾಡದ ಯಾವ ಸಾಧನವನ್ನಾದರೂ ಗ್ರಾಹಕ ಜೋಡಿಸಿಕೊಳ್ಳಬಹುದು ಎಂದಾಯಿತು. ಕಂಪನಿ ಸೋತು ಸುಮ್ಮನಾಗಲಿಲ್ಲ. ಸರಿ, ಜೋಡಿಸಿಕೊಳ್ಳಿ, ಆದರೆ ನಡುವೆ ನಮ್ಮದೊಂದು ರಕ್ಷಣಾ ಪೆಟ್ಟಿಗೆ ಇರಲೇಬೇಕು, ಅದಕ್ಕೆ ಬಾಡಿಗೆ ಕೊಡಿ ಎಂದಿತು! ಸ್ವಂತ ವಸ್ತು ಬಳಸುವುದಕ್ಕೂ ಬಾಡಿಗೆ. 1970ರ ದಶಕದ ನಡುವೆ ಎಫ್‌ಸಿಸಿ ಸಾಧನಗಳ ನೋಂದಣಿ ನಿಯಮ ತಂದು, ಗೋಡೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಸಾಕೆಟ್ ಇರಬೇಕೆಂದು ಮಾಡಿದ ಮೇಲೆಯೇ ಅದು ನಿಂತದ್ದು. ಅಂಗಡಿಯಲ್ಲಿ ಫೋನು, ಫ್ಯಾಕ್ಸು, ಮೋಡೆಮ್ ಸಿಗತೊಡಗಿದ್ದು ಆಮೇಲೆ.

ಅಕ್ಕನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಕೆಟ್ಟ ಡಬ್ಬಿಯ ಭಯಕ್ಕೆ ಮದ್ದು ಕಂಪನಿಯ ಒಡೆತನವಲ್ಲ, ಎಲ್ಲರೂ ಒಪ್ಪಿದ ಒಂದು ಭಾಷೆ ಮತ್ತು ಆ ಭಾಷೆಯಲ್ಲಿ ಪಾಸಾದೆ ಎಂಬ ಸರ್ಟಿಫಿಕೇಟು. ಕೇಬಲ್ ಇಂಟರ್‌ನೆಟ್‌ನ ಮೊದಲ ದಿನಗಳಲ್ಲಿ ಅಂಥ ಭಾಷೆ ಇರಲಿಲ್ಲ. ಕೇಬಲ್ ಮೋಡೆಮ್‌ನ ಪಿತಾಮಹ ಎನಿಸಿಕೊಂಡ ಇರಾನ್ ಮೂಲದ ರೂಜ್‌ಬೆ ಯಾಸಿನಿಯವರ ಲ್ಯಾನ್‌ಸಿಟಿ ಕಂಪನಿಯ ಮೋಡೆಮ್ ಒಂದು ಭಾಷೆ ಆಡಿದರೆ, ಮೋಟೊರೋಲಾದ್ದು ಇನ್ನೊಂದು. ಕೇಂದ್ರದಲ್ಲಿ ಯಾವ ಕಂಪನಿಯ ಯಂತ್ರವೋ ಮನೆಯಲ್ಲೂ ಅದೇ ಕಂಪನಿಯ ಡಬ್ಬಿ. 1995ರಲ್ಲಿ ಟಿಸಿಐ, ಟೈಮ್ ವಾರ್ನರ್, ಕಾಮ್‌ಕಾಸ್ಟ್, ಕಾಕ್ಸ್ ಎಂಬ ನಾಲ್ಕು ದೊಡ್ಡ ಕೇಬಲ್ ಕಂಪನಿಗಳು ಒಂದಾಗಿ ಸಮಾನ ಮಾನಕಕ್ಕೆ ಹೊರಟವು. 1997ರಲ್ಲಿ ಡಾಕ್ಸಿಸ್ 1.0 ಹೊರಬಂತು. ಕೇಬಲ್‌ಲ್ಯಾಬ್ಸ್ ಎಂಬ ಉದ್ಯಮದ ಪ್ರಯೋಗಾಲಯ ಪರೀಕ್ಷಿಸಿ ಮುದ್ರೆ ಒತ್ತುವ ಹೊಣೆ ಹೊತ್ತಿತು. ಇಲ್ಲಿ ನಗು ತರಿಸುವ ಸಂಗತಿ ಒಂದಿದೆ. ಗ್ರಾಹಕರು ಮೋಡೆಮ್‌ಗಳನ್ನು ಅಂಗಡಿಯಲ್ಲಿ ತಾವೇ ಕೊಳ್ಳಲಿ ಎಂದು ಆಗ ಬಯಸಿದ್ದು ಸ್ವತಃ ಕೇಬಲ್ ಕಂಪನಿಗಳೇ. ಲಕ್ಷಗಟ್ಟಲೆ ಡಬ್ಬಿಗೆ ಬಂಡವಾಳ ಹಾಕುವ ಭಾರ ಅವಕ್ಕೆ ಬೇಕಿರಲಿಲ್ಲ. ಡಬ್ಬಿ ಅಗ್ಗವಾದ ಮೇಲೆ ಬಾಡಿಗೆಯಲ್ಲಿ ಎಷ್ಟು ಗಿಟ್ಟುತ್ತದೆ ಎಂಬುದು ಗೊತ್ತಾಯಿತು.

ಇಂದು ಡಾಕ್ಸಿಸ್ 3.1ರ ಒಳ್ಳೆಯ ಮೋಡೆಮ್ ಅಮೆರಿಕದಲ್ಲಿ 150ರಿಂದ 200 ಡಾಲರ್. ಬಾಡಿಗೆ ಹದಿನೈದಾದರೆ ಸುಮಾರು ಒಂದು ವರ್ಷದಲ್ಲೇ ಅಸಲು ಬಂತು. ಡಬ್ಬಿ ಐದಾರು ವರ್ಷ ಬಾಳುತ್ತದೆ. ಲೆಕ್ಕದಲ್ಲಿ ಹೇಳಲು ಇದಕ್ಕಿಂತ ಹೆಚ್ಚಿಲ್ಲ. ಬಾಡಿಗೆ ಡಬ್ಬಿ ಕೊಟ್ಟ ಕಾಸಿಗೆ ತಕ್ಕಂತೆ ಇರುತ್ತದೆಯೇ ಎಂಬುದು ಬೇರೆ ಮಾತು. 2017ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಚಾರ್ಟರ್ ಎಂಬ ಕೇಬಲ್ ಕಂಪನಿಯ ಮೇಲೆ ಹೂಡಿದ ದಾವೆಯ ಒಂದು ಮುಖ್ಯ ಆರೋಪ ಇದೇ ಆಗಿತ್ತು: ಅದು ಕೊಂಡುಕೊಂಡ ಟೈಮ್ ವಾರ್ನರ್ ಕೇಬಲ್, ಹೆಚ್ಚು ವೇಗದ ಯೋಜನೆಗೆ ದುಡ್ಡು ಕಟ್ಟಿಸಿಕೊಂಡು, ಆ ವೇಗ ಮುಟ್ಟಲಾರದ ಹಳೆಯ ತಲೆಮಾರಿನ ಮೋಡೆಮ್‌ಗಳನ್ನು ಬಾಡಿಗೆಗೆ ಕೊಟ್ಟಿತ್ತು ಎಂದು. 2018ರ ಡಿಸೆಂಬರಿನಲ್ಲಿ 17 ಕೋಟಿ 42 ಲಕ್ಷ ಡಾಲರಿಗೆ ರಾಜಿಯಾಯಿತು, ಅದರಲ್ಲಿ 6 ಕೋಟಿ 25 ಲಕ್ಷ ಗ್ರಾಹಕರಿಗೆ ನೇರ ಮರುಪಾವತಿ. ಸ್ವಂತ ರೌಟರ್ ಇಟ್ಟುಕೊಂಡವರಿಂದಲೂ ಬಾಡಿಗೆ ವಸೂಲಿ ಮಾಡುವ ಪದ್ಧತಿಯೂ ಕೆಲವೆಡೆ ಇತ್ತು. ಕಾರ್ಟರ್ ಕಾಲದ ರಕ್ಷಣಾ ಪೆಟ್ಟಿಗೆಯ ಮೊಮ್ಮಗ ಅದು. 2019ರ ಡಿಸೆಂಬರಿನಲ್ಲಿ ಸಹಿಯಾದ ಕಾನೂನು ಅದನ್ನು ನಿಷೇಧಿಸಿ, 2020ರ ಡಿಸೆಂಬರಿನಿಂದ ಜಾರಿಗೆ ಬಂತು. ನೀವೇ ತಂದುಕೊಂಡ ಸಾಧನಕ್ಕೆ ಈಗ ಯಾರೂ ಬಾಡಿಗೆ ಹಾಕುವಂತಿಲ್ಲ.

ಇಷ್ಟೆಲ್ಲ ಕೇಳಿ ಅಕ್ಕನ ಮಗ ಅಂದೇ ಒಂದು ಮೋಡೆಮ್ ತರಿಸಿದ. ತರಿಸುವ ಮೊದಲು ಕಂಪನಿಯ ಒಪ್ಪಿಗೆ ಪಟ್ಟಿಯಲ್ಲಿ ಆ ಮಾದರಿ ಇದೆಯೇ ನೋಡು ಎಂದು ನಾನು ಹೇಳಿದ್ದೆ. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು: ಬಾಡಿಗೆ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೋಡೆಮ್, ರೌಟರ್ ಎರಡೂ ಒಟ್ಟಿಗೆ ಇರುತ್ತವೆ. ಬರೀ ಮೋಡೆಮ್ ಕೊಂಡರೆ ವೈಫೈ ಇಲ್ಲ, ರೌಟರ್ ಬೇರೆ ಬೇಕು. ಮನೆಯ ಫೋನು ಅದೇ ಕೇಬಲಿನ ಮೇಲೆ ಓಡುತ್ತಿದ್ದರೆ ಫೋನಿನ ಕಿಂಡಿ ಇರುವ ಮಾದರಿಯೇ ಆಗಬೇಕು. ಫೈಬರ್ ಸಂಪರ್ಕದವರಿಗೆ, ಡಿಎಸ್‌ಎಲ್‌ನವರಿಗೆ ಈ ಡಬ್ಬಿ ಕಾಗದ ಹಾರದಂತೆ ಇಡಲು ಮಾತ್ರ ಉಪಯೋಗ. ಸೆಕೆಂಡ್‌ಹ್ಯಾಂಡ್ ಮೋಡೆಮ್ ಎಂದರೆ ನನಗೆ ಅಂಜಿಕೆ. ಹಿಂದಿನವರು ಕಂಪನಿಗೆ ಮರಳಿಸದೆ ಮಾರಿದ ಬಾಡಿಗೆ ಡಬ್ಬಿಯೂ ಅದಾಗಿರಬಹುದು, ಅದರ ಗುರುತಿನ ಸಂಖ್ಯೆ ಬೇರೊಬ್ಬರ ಖಾತೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ಹೊಸ ಡಬ್ಬಿ ಬಂತು, ತಿರುಪಿದ್ದಾಯಿತು, ದೀಪ ನಿಂತಿತು. "ಈಗ ಇದು ನಮ್ಮದು" ಎಂದು ಅಕ್ಕ ಸಮಾಧಾನದ ಉಸಿರು ಬಿಟ್ಟಳು. ಅವಳ ಸಂತೋಷಕ್ಕೆ ಕಲ್ಲು ಹಾಕಲು ಮನಸ್ಸಾಗದೆ ಅಂದು ನಾನು ಹೇಳದೆ ಬಿಟ್ಟ ಮಾತೊಂದಿದೆ.

ಕೇಬಲ್ ಮೋಡೆಮ್ ಆನ್ ಆದಾಗ ತಾಳ ಹೊಂದಿಸಿಕೊಂಡ ಮೇಲೆ ಕೇಂದ್ರದಿಂದ ಒಂದು ಸಣ್ಣ ಕಡತ ಇಳಿಸಿಕೊಳ್ಳುತ್ತದೆ. ನಿನ್ನ ವೇಗದ ಮಿತಿ ಇಷ್ಟು, ನೀನು ನಡೆದುಕೊಳ್ಳಬೇಕಾದ ರೀತಿ ಹೀಗೆ ಎಂಬ ಆಜ್ಞೆ ಅದರಲ್ಲಿದೆ. ಡಬ್ಬಿಗೆ ಗಿಗಾಬಿಟ್ ತಾಕತ್ತಿದ್ದರೂ ನೀವು ಕಟ್ಟುವುದು 300 ಮೆಗಾಬಿಟ್ಟಿನ ದುಡ್ಡಾದರೆ ಅದು 300ಕ್ಕೇ ನಿಲ್ಲುತ್ತದೆ. ಇದು ನ್ಯಾಯವೇ. ಆದರೆ ಮೋಡೆಮ್‌ನ ಫರ್ಮ್‌ವೇರ್, ಅಂದರೆ ಅದರ ಮಿದುಳಿನಂಥ ತಂತ್ರಾಂಶ, ಅದನ್ನು ಬದಲಿಸುವ ಅಧಿಕಾರವೂ ಡಾಕ್ಸಿಸ್ ಪ್ರಕಾರ ಕೇಬಲ್ ಕಂಪನಿಯದು. ನೀವು ಅಂಗಡಿಯಲ್ಲಿ ನಗದು ಕೊಟ್ಟು ಕೊಂಡರೂ ಅಷ್ಟೇ. ತಯಾರಕರ ಬಳಿ ಹೊಸ ಫರ್ಮ್‌ವೇರ್ ಸಿದ್ಧವಿದ್ದರೂ ಅದು ನಿಮ್ಮ ಮನೆಗೆ ಬರಬೇಕಾದದ್ದು ಕಂಪನಿಯ ತಂತಿಯ ಮೂಲಕ, ಕಂಪನಿ ಮನಸ್ಸು ಮಾಡಿದಾಗ.

ಇದು ಬರೀ ತತ್ವದ ಮಾತಲ್ಲ ಎಂದು ಎರಡು ಸಲ ಗೊತ್ತಾಯಿತು. ಇಂಟೆಲ್‌ನ ಪ್ಯೂಮಾ 6 ಎಂಬ ಚಿಪ್ ಹೊತ್ತ ಮೋಡೆಮ್‌ಗಳು 2016ರ ಸುಮಾರಿಗೆ ಒಂದು ವಿಚಿತ್ರ ಕಾಯಿಲೆ ತೋರಿಸಿದವು. ಡೌನ್‌ಲೋಡ್ ವೇಗ ಅಳೆದರೆ ಭರ್ಜರಿ. ಆದರೆ ಸಣ್ಣ ಸಣ್ಣ ಸಂದೇಶಗಳು ಆಗಾಗ ತಡೆದು ನಿಲ್ಲುತ್ತಿದ್ದವು, ಆನ್‌ಲೈನ್ ಆಟ ಆಡುವವರ ಬಂದೂಕು ಹಾರುವಷ್ಟರಲ್ಲಿ ಎದುರಾಳಿ ಮನೆ ಸೇರಿರುತ್ತಿದ್ದ. ಪರಿಹಾರದ ಫರ್ಮ್‌ವೇರ್ ತಯಾರಾದ ಮೇಲೂ ಮೋಡೆಮ್ ಕೊಂಡವರು ತಮ್ಮ ತಮ್ಮ ಕೇಬಲ್ ಕಂಪನಿ ಕಳಿಸುವವರೆಗೆ ಕಾಯಬೇಕಾಯಿತು. 2020ರ ಜನವರಿಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಬ್ರಾಡ್‌ಕಾಮ್ ಚಿಪ್‌ನ ಮೋಡೆಮ್‌ಗಳಲ್ಲಿ ಕೇಬಲ್ ಹಾಂಟ್ ಎಂಬ ಭದ್ರತಾ ದೋಷವನ್ನು ಬಯಲು ಮಾಡಿದರು. ಯೂರೋಪೊಂದರಲ್ಲೇ 20 ಕೋಟಿ ಮೋಡೆಮ್‌ಗಳಿಗೆ ಇದು ತಟ್ಟಬಹುದೆಂಬುದು ಅವರ ಅಂದಾಜು. ಅಲ್ಲೂ ಮೋಡೆಮ್ ಮನೆಯಲ್ಲಿಟ್ಟುಕೊಂಡವರ ಕೈಯಲ್ಲಿ ಔಷಧಿ ಇರಲಿಲ್ಲ. ಹಾಗಾಗಿ ಸ್ವಂತ ಮೋಡೆಮ್ ಎಂದರೆ ಲೋಹ, ಪ್ಲಾಸ್ಟಿಕ್, ಚಿಪ್ ನಿಮ್ಮವು. ಅದರೊಳಗಿನ ಮಾತು ಇನ್ನೂ ಅವರದೇ.

ಬಾಡಿಗೆಯ ಪರವಾಗಿಯೂ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಕೇಬಲ್ ಕಂಪನಿಗಳು ಈಗ ಹಿಂದಿರುಗುವ ಕಿರುದಾರಿಯನ್ನು 42ರಿಂದ 85 ಮೆಗಾಹರ್ಟ್ಸ್‌ಗೆ, ಕೆಲವೆಡೆ 204ಕ್ಕೆ ಅಗಲ ಮಾಡುತ್ತಿವೆ. ಹಳೆಯ ಸ್ವಂತ ಮೋಡೆಮ್‌ಗೆ ಆ ಅಗಲದ ಲಾಭ ಸಿಗದೇ ಹೋಗಬಹುದು, ಬಾಡಿಗೆಯವರಿಗೆ ಕಂಪನಿಯೇ ಡಬ್ಬಿ ಬದಲಿಸಿಕೊಡುತ್ತದೆ. ಡಬ್ಬಿ ಸಿಡಿಲಿಗೆ ಸುಟ್ಟರೂ ಅಷ್ಟೇ. ವರ್ಷಕ್ಕೊಂದು ಊರು ಬದಲಿಸುವವರು, ಗೋಡೆಯ ಮೇಲಿನ ತಿರುಪು ಕಂಡರೆ ಬೆವರುವವರು ಬಾಡಿಗೆ ಕೊಟ್ಟರೆ ನಾನು ತಪ್ಪೆನ್ನಲಾರೆ. ಉಳಿದವರು ಕೊಳ್ಳಬೇಕು.

ಕೊಂಡ ಮೇಲೆ ಒಂದು ಕೆಲಸ ಮಾಡಿ. ಬ್ರೌಸರಿನಲ್ಲಿ 192.168.100.1 ಎಂದು ಟೈಪ್ ಮಾಡಿದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳು ತಮ್ಮ ಆರೋಗ್ಯದ ಚೀಟಿ ತೋರಿಸುತ್ತವೆ. ಬರುವ ಸಂಕೇತದ ಬಲ ಡಿಬಿ-ಮಿಲಿವೋಲ್ಟ್‌ನಲ್ಲಿ ಇರುತ್ತದೆ, ಮೈನಸ್ 7ರಿಂದ ಪ್ಲಸ್ 7ರೊಳಗಿದ್ದರೆ ಚೆನ್ನ. ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ 33ಕ್ಕಿಂತ ಮೇಲಿದ್ದರೆ ರಂಗೋಲಿ ಸ್ವಚ್ಛ. ಹೋಗುವ ಸಂಕೇತ 50 ದಾಟಿದ್ದರೆ ನಿಮ್ಮ ಮೋಡೆಮ್ ಗಂಟಲು ಹರಿಯುವಂತೆ ಕಿರುಚುತ್ತಿದೆ ಎಂದು ತಿಳಿಯಿರಿ. ಎಡಿಸನ್‌ನ ಮನೆಯಲ್ಲಿ ಆದದ್ದು ಅದೇ. ತಂತಿ ಹಿಡಿದು ಹುಡುಕಿಕೊಂಡು ಹೋದಾಗ ನೆಲಮಾಳಿಗೆಯಲ್ಲಿ ತಂತಿಯನ್ನು ಕವಲೊಡೆಸುವ ಎರಡು ಸ್ಪ್ಲಿಟರ್ ಒಂದರ ಹಿಂದೊಂದು ಸಿಕ್ಕವು. ಹಿಂದಿನ ಮಾಲೀಕರು ಮಲಗುವ ಕೋಣೆಗಳ ಟೀವಿಗೆ ಹಾಕಿಸಿದ್ದಂಥವು, ಈಗ ಆ ಟೀವಿಗಳೇ ಇಲ್ಲ. ಎರಡು ಕವಲಿನ ಒಂದು ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ನುಂಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ. ಎರಡು ಸೇರಿ ಐದರಲ್ಲಿ ಒಂದು ಪಾಲು ಮಾತ್ರ ಮೋಡೆಮ್‌ಗೆ ಬಿಡುತ್ತಿದ್ದವು. ಎರಡನ್ನೂ ಬಿಚ್ಚಿ ತಂತಿಗೆ ತಂತಿ ನೇರ ಜೋಡಿಸಿದ್ದೇ, ವಿಡಿಯೋ ಕರೆಯಲ್ಲಿ ಮೈಸೂರಿನ ಭಾವನ ಮುಖ ಹೆಪ್ಪುಗಟ್ಟುವುದು ನಿಂತಿತು. ಮೋಡೆಮ್ ಬದಲಿಸಿದ್ದಕ್ಕಿಂತ ಇದರಿಂದ ಆದ ಉಪಕಾರವೇ ದೊಡ್ಡದು, ಖರ್ಚು ಸೊನ್ನೆ.

ನಮ್ಮಲ್ಲಿ ಕೇಬಲ್ ಮೋಡೆಮ್‌ನ ಕಾಲ ಬಹುಮಟ್ಟಿಗೆ ಮುಗಿದು ಫೈಬರ್ ಮನೆಯೊಳಗೇ ಬಂದಿದೆ. ಅದರ ತುದಿಯ ಪುಟ್ಟ ಬಿಳಿ ಡಬ್ಬಿಯನ್ನು ಹೆಚ್ಚಾಗಿ ಕಂಪನಿಯವರೇ ತಂದಿಡುತ್ತಾರೆ. ಆದರೆ ಕೇಬಲ್ ಅಥವಾ ಡಿಟಿಎಚ್ ಕಂಪನಿ ಬದಲಿಸಿದಾಗ ಸೆಟ್-ಟಾಪ್ ಬಾಕ್ಸನ್ನು ಮೂಲೆಗೆಸೆದು ಹೊಸದನ್ನು ಕೊಂಡ ಅನುಭವ ಯಾರಿಗಿಲ್ಲ? ಒಂದೇ ಬಾಕ್ಸ್ ಎಲ್ಲ ಕಂಪನಿಗಳಿಗೂ ಹೊಂದುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಜರ್ಮನಿಯವರು 2016ರ ಆಗಸ್ಟ್‌ನಿಂದಲೇ, ಮನೆಯಲ್ಲಿ ಯಾವ ಮೋಡೆಮ್, ಯಾವ ರೌಟರ್ ಇಡಬೇಕೆಂಬುದು ಗ್ರಾಹಕನ ಇಷ್ಟ ಎಂದು ಕಾನೂನಿನಲ್ಲೇ ಬರೆದುಕೊಂಡಿದ್ದಾರೆ.

ಎಡಿಸನ್‌ಗೆ ಮರಳೋಣ. ಬಾಡಿಗೆ ಡಬ್ಬಿಯನ್ನು ಕಂಪನಿಯ ಅಂಗಡಿಗೆ ವಾಪಸ್ ಕೊಡಲು ಅಕ್ಕನೂ ಮಗನ ಜೊತೆ ಹೋದಳು. ಡಬ್ಬಿ, ಅದರ ಅಡಾಪ್ಟರ್, ತಂತಿ ಎಲ್ಲವನ್ನೂ ಕೌಂಟರಿನ ಮೇಲಿಟ್ಟು, ಡಬ್ಬಿಯ ಸೀರಿಯಲ್ ನಂಬರ್ ನಮೂದಾದ ರಸೀದಿ ಕೈಗೆ ಬರುವವರೆಗೆ ಕದಲಲಿಲ್ಲ. ನೀವೂ ಹಾಗೇ ಮಾಡಿ, ಆ ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಎರಡು ಮೂರು ಬಿಲ್ಲುಗಳನ್ನು ಪೆನ್ಸಿಲ್ ಹಿಡಿದು ಓದಿ. ಅಕ್ಕನ ಮಗನಿಗೆ ಬಂದ ಮರುತಿಂಗಳ ಬಿಲ್ಲಿನಲ್ಲಿ ಆ ಹದಿನೈದು ಡಾಲರ್ ಇನ್ನೂ ಇತ್ತು. ಫೋನ್ ಮಾಡಿ ರಸೀದಿ ನಂಬರ್ ಹೇಳಿದ ಮೇಲೆ ತೆಗೆದರು.